ವಾಲಿಯ ಬೂದಿಯೂ ಇಂಗಾಲದ ಸಾಕ್ಷ್ಯವೂ

ಹಂಪೆಯ ವಿಠ್ಠಲ ದೇವಾಲಯದಿಂದ ಅನತಿದೂರದಲ್ಲಿ, ನಿಂಬಾಪುರವೆಂಬ ಗ್ರಾಮದ ಬಳಿ, ಒಂದು ಬೂದಿಯ ದಿಬ್ಬವಿರುವುದು. ಮತಂಗಪರ್ವತ, ಋಷ್ಯಮೂಕ, ಸುಗ್ರೀವನ ಗುಹೆ, ಪಂಪಾಸರಸ್ಸು ಮೊದಲಾದ ಹೆಸರುಗಳು ಈ ಸೀಮೆಯ ಕಲ್ಲುಕಲ್ಲಿಗೂ ಅಂಟಿಕೊಂಡಿರುವಂತೆಯೇ ಈ ದಿಬ್ಬಕ್ಕೂ ರಾಮಾಯಣದ ಒಂದು ಪ್ರಸಂಗವು ಅಂಟಿಕೊಂಡಿದೆ. ಶ್ರೀರಾಮನ ಬಾಣದಿಂದ ಹತನಾದ ವಾಲಿಯ ದೇಹವನ್ನು ದಹನಮಾಡಿದ ಸ್ಥಳವೇ ಇದು, ಈ ಬೂದಿಯು ಆ ಚಿತಾಭಸ್ಮವೇ, ಎಂದು ಸ್ಥಳೀಯರು ತಲೆತಲಾಂತರದಿಂದ ಹೇಳುತ್ತ ಬಂದಿರುವರು. ಇಷ್ಟು ಬೂದಿಯಾಗಬೇಕಾದರೆ ಉರಿದ ಬೆಂಕಿಯು ಸಾಮಾನ್ಯವಾದುದಾಗಿರಲಿಲ್ಲವೆಂಬುದು ನೋಡಿದವರಿಗೆಲ್ಲ ಹೊಳೆಯುವ ಮಾತು. ವಾಲಿಯಂಥ ಮಹಾಕಾಯನ ನೆನಪು ಜನರಿಗೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ನಿಂಬಾಪುರದ ದಿಬ್ಬವು ಒಂಟಿಯಲ್ಲ. ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವ ಹಾದಿಯಲ್ಲಿ ಕುಡತಿನಿಯ ಬಳಿ ಬೂದಿಯ ಕಣಿವೆಯೆಂದೇ ಹೆಸರಾದ ಸ್ಥಳವುಂಟು. ಬಳ್ಳಾರಿಯ ಸಮೀಪದ ಸಂಗನಕಲ್ಲು, ಕಪ್ಪಗಲ್ಲು ಗ್ರಾಮಗಳ ಗುಡ್ಡಗಳ ಸುತ್ತಲೂ ಇಂಥವೇ ಇವೆ. ರಾಯಚೂರು, ಯಾದಗಿರಿ, ಕಲಬುರಗಿ ಸೀಮೆಗಳಲ್ಲಿಯೂ, ಪೂರ್ವಕ್ಕೆ ಆಂಧ್ರ ತೆಲಂಗಾಣಗಳ ಗಡಿಯೊಳಗೂ ಎಣಿಸಿದರೆ ನೂರಕ್ಕೂ ಮಿಕ್ಕ ದಿಬ್ಬಗಳು ತಿಳಿದಿವೆ. ಹಲವು ದಿಬ್ಬಗಳಲ್ಲಿ ಬೂದಿಯು ಬರಿಯ ಹಗುರವಾದ ಪುಡಿಯಾಗಿ ಮಾತ್ರವಿರದೆ, ಕರಗಿ ಹೆಪ್ಪುಗಟ್ಟಿ, ಕಬ್ಬಿಣದ ಕಿಟ್ಟದಂತೆ ರಂಧ್ರಮಯವಾದ ಗಟ್ಟಿಗಳಾಗಿಯೂ ಇರುತ್ತದೆ. ವಾಲಿಯು ಒಬ್ಬನೇ ಆದುದರಿಂದ ಉಳಿದ ಊರುಗಳವರು ಹಿಡಿಂಬಾಸುರನನ್ನೋ ಮತ್ತಾವನೋ ರಾಕ್ಷಸನನ್ನೋ ಕರೆದುತಂದು ತಮ್ಮ ದಿಬ್ಬಗಳಿಗೆ ಕಾರಣವನ್ನು ಕಲ್ಪಿಸಿಕೊಂಡರು. ಬೂದಿಯೆಂಬ ನಮ್ಮ ಮಾತು ಸಂಸ್ಕೃತದ ‘ಭೂತಿ’ಯ ತದ್ಭವ. ಭೂತಿಯೆಂದರೆ ಭಸ್ಮವೂ ಹೌದು, ಐಶ್ವರ್ಯವೂ ಹೌದು. ಈ ಎರಡನೆಯ ಅರ್ಥವು ನಮ್ಮ ದಿಬ್ಬಗಳಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆಯೆಂಬುದನ್ನು ಮುಂದೆ ನೋಡುವೆವು.

ಈ ದಿಬ್ಬಗಳನ್ನು ಕುರಿತು ಮೊದಲು ಬರೆದವರಲ್ಲಿ ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡನು ಮುಖ್ಯನು. ಆತನ ಲೇಖನವು 1843ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಳಿಕ ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟನು ಬಳ್ಳಾರಿ ಜಿಲ್ಲೆಯನ್ನೆಲ್ಲ ನಡೆದು ಅಳೆದು, ದಿಬ್ಬಗಳ ಸುತ್ತ ಬಿದ್ದಿದ್ದ ನಯಗೊಳಿಸಿದ ಕಲ್ಲುಗೊಡಲಿಗಳನ್ನೂ ಮಡಕೆಚೂರುಗಳನ್ನೂ ಆಯ್ದು, ಇವು ನವಶಿಲಾಯುಗದ ಜನರ ಕೃತಿಗಳೆಂದು ತೋರಿಸಿದನು. ‘ಮರೆತುಹೋದ ಸಾಮ್ರಾಜ್ಯ’ವೆಂಬ ಗ್ರಂಥದಿಂದ ವಿಜಯನಗರವನ್ನು ಲೋಕಕ್ಕೆ ನೆನಪಿಗೆ ತಂದುಕೊಟ್ಟ ರಾಬರ್ಟ್ ಸೂವೆಲನೂ ಅದಕ್ಕೆ ಒಂದು ವರ್ಷ ಮೊದಲು, 1899ರಲ್ಲಿ, ಈ ಬೂದಿಯನ್ನು ಕುರಿತು ಬರೆದನು. ಜ್ವಾಲಾಮುಖಿಯ ಉಗುಳೆಂದು ಕೆಲವರು, ಕಬ್ಬಿಣವನ್ನೋ ಚಿನ್ನವನ್ನೋ ಕರಗಿಸಿದ ಕುಲುಮೆಯ ಶೇಷವೆಂದು ಕೆಲವರು, ಸುಣ್ಣದ ಗೂಡೆಂದು ಕೆಲವರು ಊಹಿಸಿದರು. ಅಷ್ಟರಲ್ಲಿ ಫೂಟನೇ ಒಂದು ಸರಳವಾದ ಮಾತನ್ನು ಆಡಿದ್ದನು: ಇದು ದನದ ಸಗಣಿಯ ಬೂದಿ. ಸರಳವಾದ ಮಾತಾದುದರಿಂದಲೋ ಏನೋ ಅದು ಪಂಡಿತರಿಗೆ ಬಹುಕಾಲ ರುಚಿಸಲಿಲ್ಲ.

ಅದು ರುಚಿಸುವಂತಾದುದು 1960ರ ಸುಮಾರಿಗೆ. ಲಂಡನ್ನಿನ ಪ್ರೊಫೆಸರ್ ಝಾಯ್ನರನು ಬಳ್ಳಾರಿಯ ಬೂದಿಯನ್ನು ರಾಸಾಯನಿಕವಾಗಿಯೂ ಸೂಕ್ಷ್ಮದರ್ಶಕದಿಂದಲೂ ಪರೀಕ್ಷಿಸಿ, ಹುಲ್ಲಿನೊಳಗಿರುವ ಮರಳಿನ ಅಂಶವು ಸಗಣಿಯ ಕ್ಷಾರದೊಡನೆ ಕೂಡಿ ತೀವ್ರವಾದ ಶಾಖದಲ್ಲಿ ಕರಗಿದರೆ ಇಂಥ ಗಾಜಿನಂಥ ಕಿಟ್ಟವಾಗುವುದೆಂದು ವಿವರಿಸಿದನು. ಅದಕ್ಕೆ ಮುಂಚೆ, 1957ರಲ್ಲಿ, ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೂ, ಬೇಲಿಯ ಗೂಟಗಳನ್ನು ನೆಟ್ಟಿದ್ದ ಕುಳಿಗಳೂ ಕಂಡುಬಂದುವು. ಅಲ್ಲಿಗೆ ವಿಷಯವು ಇತ್ಯರ್ಥವಾಯಿತು. ಇವು ಪ್ರಾಚೀನರ ದನದ ದೊಡ್ಡಿಗಳು. ಸಗಣಿಯು ರಾಶಿಯಾದಂತೆ ಆಗಾಗ್ಗೆ ಅದಕ್ಕೆ ಬೆಂಕಿಯಿಟ್ಟರು. ಬೂದಿಯ ಮೇಲೆ ಮತ್ತೆ ದೊಡ್ಡಿ, ಮತ್ತೆ ಬೆಂಕಿ. ಸಂಕ್ರಾಂತಿಯ ದಿನ ಎತ್ತುಗಳಿಗೆ ಕಿಚ್ಚು ಹಾಯಿಸುವ ನಮ್ಮ ಪದ್ಧತಿಯನ್ನು ಬಲ್ಲ ವಾಚಕರಿಗೆ ಈ ಬೆಂಕಿಯು ತೀರ ಅಪರಿಚಿತವೆನಿಸದು. ಆಲ್ಚಿನ್ನರೂ ತಮ್ಮ 1963ರ ಗ್ರಂಥದಲ್ಲಿ ಇಂಥ ಹಬ್ಬದ ಬೆಂಕಿಗಳನ್ನೇ ನೆನೆದಿರುವರು. ಆ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು 1990ರ ದಶಕದಲ್ಲಿ ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದು, ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯೂ ಇದ್ದುದನ್ನು ತೋರಿಸಿಕೊಟ್ಟರು. ಗೋಧನವೇ ಧನವಾಗಿದ್ದ ಕಾಲದಲ್ಲಿ ದೊಡ್ಡಿಯ ಬೂದಿಯು ಎತ್ತರವಾದಷ್ಟೂ ಒಡೆಯನ ಐಶ್ವರ್ಯವು ದೊಡ್ಡದು. ‘ಭೂತಿ’ಯ ಎರಡು ಅರ್ಥಗಳೂ ಇಲ್ಲಿ ಒಂದೇ ರಾಶಿಯಲ್ಲಿ ಕೂಡಿಕೊಂಡಿವೆ.

ಇಷ್ಟಾದ ಮೇಲೆ ಇಂಗಾಲದ ಮಾತೇಕೆಂದು ಕೇಳಬಹುದು. ಸಗಣಿಯೆಂದು ತಿಳಿದರೆ ಸಾಲದು. ಆ ದನಗಳು ಏನನ್ನು ಮೇಯುತ್ತಿದ್ದುವು, ಅವುಗಳ ಒಡೆಯರು ಏನನ್ನು ಬೆಳೆದು ಉಣ್ಣುತ್ತಿದ್ದರು, ಆಗ ಈ ನಾಡಿನಲ್ಲಿ ಕಾಡಿತ್ತೋ ಹುಲ್ಲುಗಾವಲಿತ್ತೋ ಎಂಬಿವೂ ಚರಿತ್ರೆಯ ಪ್ರಶ್ನೆಗಳೇ. ಶಾಸನವಿಲ್ಲದ, ಲಿಪಿಯಿಲ್ಲದ ಆ ಜನರ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರವನ್ನು ಕೊಡಬಲ್ಲ ಸಾಕ್ಷಿಗಳು ಕೆಲವೇ. ಅವುಗಳಲ್ಲಿ ಒಂದು ಇಂಗಾಲ.

ಇಂಗಾಲವೆಂಬುದು ಹೊಸ ಮಾತಲ್ಲ. ಸಂಸ್ಕೃತದ ಅಂಗಾರವೇ, ಎಂದರೆ ಕೆಂಡವೇ ಇದ್ದಿಲೇ, ಕನ್ನಡದಲ್ಲಿ ಇಂಗಳವೂ ಇಂಗಾಲವೂ ಆಯಿತು. ರಸಾಯನಶಾಸ್ತ್ರಜ್ಞರು ಇದ್ದಿಲು, ವಜ್ರ, ಸಕ್ಕರೆ, ಸುಣ್ಣಕಲ್ಲು, ಸಗಣಿ, ಮನುಷ್ಯಶರೀರ ಇವೆಲ್ಲದರಲ್ಲಿಯೂ ಇರುವ ಒಂದು ಮೂಲದ್ರವ್ಯಕ್ಕೆ ಈ ಹೆಸರನ್ನು ಇಟ್ಟರು. ಅದರ ಪರಮಾಣುಗಳೆಲ್ಲ ಒಂದೇ ತೂಕದವಲ್ಲ. (ನಮ್ಮ ವೈಶೇಷಿಕರ ಪರಮಾಣುವಿಗೂ ಇದಕ್ಕೂ ಹೆಸರಿನ ಸಂಬಂಧವಲ್ಲದೆ ಬೇರೆ ಸಂಬಂಧವನ್ನು ಹುಡುಕುವುದು ವ್ಯರ್ಥ.) ನೂರರಲ್ಲಿ ಸುಮಾರು 98.9 ಪಾಲು ಪರಮಾಣುಗಳ ತೂಕ 12. ಉಳಿದ ಸುಮಾರು 1.1 ಪಾಲಿನದು 13. ಗುಣದಲ್ಲಿ ಇವು ಅವಳಿಗಳು, ತೂಕದಲ್ಲಿ ಮಾತ್ರ ಕೊಂಚ ಭೇದ. ಮೂಲದ್ರವ್ಯಗಳ ಪಟ್ಟಿಯಲ್ಲಿ ಒಂದೇ ಸ್ಥಾನವನ್ನು ಪಡೆದಿರುವುದರಿಂದ ಇಂಥವುಗಳಿಗೆ 1913ರಲ್ಲಿ ಸಾಡಿ ಎಂಬ ರಸಾಯನಶಾಸ್ತ್ರಜ್ಞನು ಐಸೋಟೋಪ್ ಎಂಬ ಗ್ರೀಕ್ ಹೆಸರನ್ನು ಕೊಟ್ಟನು, ಕನ್ನಡದಲ್ಲಿ ಸಮಸ್ಥಾನಿಯೆನ್ನುವರು. ಹದಿಮೂರು ತೂಕದ ಇಂಗಾಲವು 1929ರಲ್ಲಿ ಪತ್ತೆಯಾಯಿತು. ಇವೆರಡೂ ಎಷ್ಟು ಕಾಲವಾದರೂ ಕ್ಷಯಿಸವು. ಆದುದರಿಂದ ಸ್ಥಿರ ಸಮಸ್ಥಾನಿಗಳು. ಹದಿನಾಲ್ಕು ತೂಕದ ಮೂರನೆಯದೊಂದುಂಟು. ಅದು ಅತ್ಯಲ್ಪ, ಮತ್ತು ಕ್ರಮೇಣ ಕ್ಷಯಿಸತಕ್ಕದ್ದು. ಅದರ ಮಾತು ಆಮೇಲೆ.

ಹನ್ನೆರಡಕ್ಕೂ ಹದಿಮೂರಕ್ಕೂ ಇರುವ ಪ್ರಮಾಣವು ಎಲ್ಲೆಡೆಯೂ ಸಮಾನವಾಗಿಲ್ಲ. ಸಾವಿರಕ್ಕೆ ಹತ್ತು ಇಪ್ಪತ್ತರಷ್ಟು ಹೆಚ್ಚುಕಡಮೆಯಾಗುತ್ತದೆ. ಅಳೆಯುವುದಕ್ಕೆ ಅಮೆರಿಕೆಯ ದಕ್ಷಿಣ ಕೆರೊಲಿನಾ ಸಂಸ್ಥಾನದ ಪೀಡೀ ಎಂಬ ಶಿಲಾಸ್ತರದಲ್ಲಿ ದೊರೆತ ಒಂದು ಪ್ರಾಚೀನ ಸಮುದ್ರಜೀವಿಯ ಸುಣ್ಣದ ಕವಚವನ್ನು ಮಾನದಂಡವಾಗಿ ಇಟ್ಟುಕೊಂಡರು. ಆ ಕವಚದಲ್ಲಿದ್ದುದಕ್ಕಿಂತ ಸಾವಿರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಮೆ ಎಂಬುದೇ ಲೆಕ್ಕ. ಚಿಕಾಗೋ ನಗರದಲ್ಲಿ ಯೂರಿಯ ಶಿಷ್ಯನಾದ ಹಾರ್ಮನ್ ಕ್ರೇಗನು 1953ರಲ್ಲಿ ಗಿಡ, ಕಲ್ಲು, ಗಾಳಿ ಮುಂತಾದುವನ್ನೆಲ್ಲ ಹೀಗೆ ಅಳೆದು ಒಂದು ಶಾಸ್ತ್ರಕ್ಕೇ ಅಡಿಗಲ್ಲನ್ನಿಟ್ಟನು.

ಗಿಡಗಳು ಗಾಳಿಯಲ್ಲಿರುವ ಇಂಗಾಲದ ಅನಿಲವನ್ನು ಹೀರಿಕೊಂಡು ಸೂರ್ಯನ ಬೆಳಕಿನಲ್ಲಿ ಆಹಾರವನ್ನು ಮಾಡಿಕೊಳ್ಳುವುದು ಎಲ್ಲರಿಗೂ ತಿಳಿದ ವಿಷಯ. ಹೀರುವಾಗ ಭಾರವಾದ ಇಂಗಾಲವನ್ನು ಅವು ಕೊಂಚ ಹಿಂದಿಕ್ಕುತ್ತವೆ. ಎಷ್ಟು ಹಿಂದಿಕ್ಕುತ್ತವೆಯೆಂಬುದರಲ್ಲಿ ಸಸ್ಯಗಳಲ್ಲಿ ಎರಡು ಮುಖ್ಯ ಜಾತಿಗಳು. ಇದರ ರಹಸ್ಯವು ಬಯಲಾದುದು ಕಬ್ಬಿನಿಂದ. ಹವಾಯಿ ದ್ವೀಪದ ಕಬ್ಬುಬೆಳೆಗಾರರ ಪ್ರಯೋಗಶಾಲೆಯಲ್ಲಿ ಕಬ್ಬಿನ ಎಲೆಯು ಉಳಿದ ಗಿಡಗಳಂತೆ ಮೂರು ಇಂಗಾಲದ ಪರಮಾಣುಗಳುಳ್ಳ ವಸ್ತುವನ್ನು ಮೊದಲು ಮಾಡದೆ, ನಾಲ್ಕುಳ್ಳ ಆಮ್ಲಗಳನ್ನು ಮಾಡುವುದೆಂದು ಕಂಡುಬಂದಿತು. 1965ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷ ಆಸ್ಟ್ರೇಲಿಯದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬಿಬ್ಬರು ಅದರ ಕ್ರಮವನ್ನೆಲ್ಲ ಬಿಡಿಸಿದರು. ಬತ್ತ, ಗೋದಿ, ಬಾಳೆ, ಹುರುಳಿ, ಹೆಸರು, ಬಹುಮಟ್ಟಿಗೆ ಎಲ್ಲ ಮರಗಳು, ಇವು ಮೂರಿಂಗಾಲದ ಜಾತಿಯವು. ಮಾನದಂಡಕ್ಕಿಂತ ಸಾವಿರಕ್ಕೆ ಸುಮಾರು 27ರಷ್ಟು ಕಡಮೆಯ ಗುರುತು ಅವುಗಳದು. ಕಬ್ಬು, ಜೋಳ, ಸಜ್ಜೆ, ರಾಗಿ, ನವಣೆ, ಕೊರಲೆ, ಮತ್ತು ನಮ್ಮ ಬಯಲಿನ ಹುಲ್ಲುಗಳಲ್ಲಿ ಬಹುಪಾಲು, ಇವು ನಾಲ್ಕಿಂಗಾಲದ ಜಾತಿಯವು. ಅವುಗಳ ಗುರುತು ಸಾವಿರಕ್ಕೆ 12-13ರಷ್ಟು ಕಡಮೆ. ಬಿಸಿಲೂ ಒಣಹವೆಯೂ ಹೆಚ್ಚಾದಲ್ಲಿ ಎರಡನೆಯ ಜಾತಿಗೆ ಅನುಕೂಲ. ಕಂಪ್ಲಿಯ ಬಯಲಿನಲ್ಲಿ ಕಾಲುವೆಯ ಬದಿಗೆ ನಿಂತವನ ಒಂದು ಕಡೆಗೆ ಬತ್ತದ ಗದ್ದೆ, ಇನ್ನೊಂದು ಕಡೆಗೆ ಕಬ್ಬಿನ ತೋಟ. ಒಂದೇ ನೀರು, ಒಂದೇ ಗಾಳಿ, ಆದರೂ ಇಂಗಾಲದ ಲೆಕ್ಕದಲ್ಲಿ ಅವೆರಡೂ ಒಂದನ್ನೊಂದು ಹೋಲವು. ಜೇನುತುಪ್ಪಕ್ಕೆ ಕಬ್ಬಿನ ಸಕ್ಕರೆಯನ್ನು ಬೆರಸಿ ಮಾರುವವರನ್ನು ಹಿಡಿಯುವುದಕ್ಕೂ ಇದೇ ಉಪಾಯ: ದುಂಬಿಯೆರಗುವ ಹೂವುಗಳು ಹೆಚ್ಚಾಗಿ ಮೊದಲನೆಯ ಜಾತಿಯವು, ಕಬ್ಬು ಎರಡನೆಯ ಜಾತಿಯದು. ನಾಲಗೆಗೆ ತಿಳಿಯದ ಕಪಟವು ತಕ್ಕಡಿಗೆ ತಿಳಿಯುತ್ತದೆ.

ಮೇವಿನ ಗುರುತು ಮೇಯ್ದ ಪ್ರಾಣಿಗೆ ಬರುವುದು. ಹಸುವಿನ ಎಲುಬು, ಹಲ್ಲು, ಸಗಣಿ ಇವುಗಳಲ್ಲಿ ಅದು ತಿಂದ ಹುಲ್ಲಿನ ಇಂಗಾಲವೇ ಇರುವುದರಿಂದ, ಶರೀರವು ತಾನಾಗಿ ಮಾಡುವ ಹೆಚ್ಚುಕಡಮೆಯನ್ನು ಲೆಕ್ಕಹಾಕಿ ಕಳೆದರೆ, ಮೇವಿನ ಜಾತಿಯು ಹೊರಬೀಳುತ್ತದೆ. ಮನುಷ್ಯರಲ್ಲಿ ಇದನ್ನು ಮೊದಲು ಪ್ರಯೋಗಿಸಿದವರು ವಾನ್ ಡರ್ ಮೆರ್ವ ಮತ್ತು ಫೋಗೆಲ್ ಎಂಬುವರು. ಅಮೆರಿಕದ ಪ್ರಾಚೀನರ ಎಲುಬುಗಳಿಂದ ಅಲ್ಲಿಗೆ ಮುಸುಕಿನ ಜೋಳವು ಬಂದ ಕಾಲವನ್ನು ಅವರು 1978ರಲ್ಲಿ ತೋರಿಸಿದರು. ಪೂರ್ಣವಾಗಿ ಸುಟ್ಟ ಬೂದಿಯಲ್ಲಿ ಮೂಲದ ಇಂಗಾಲವು ಬಹುಮಟ್ಟಿಗೆ ಹೊಗೆಯಾಗಿ ಹಾರಿಹೋಗಿರುತ್ತದೆ, ನಿಜ. ಆದರೆ ದಿಬ್ಬಗಳಲ್ಲಿ ಬೇಯದ ಸಗಣಿಯ ಪದರಗಳೂ, ಅರೆಸುಟ್ಟ ಕರಿಯ ಚೂರುಗಳೂ, ಎಲುಬು ಹಲ್ಲುಗಳೂ ದೊರೆಯುತ್ತವೆ. ಹುಲ್ಲಿನ ಮರಳುಕಣಗಳೊಳಗೂ ಕಿಂಚಿತ್ ಇಂಗಾಲವು ಸೆರೆಯಾಗಿ ಉಳಿದಿರುತ್ತದೆ.

ಇಲ್ಲಿ ವಾಲಿಯ ವಿಷಯಕ್ಕೆ ಒಮ್ಮೆ ಹಿಂದಿರುಗೋಣ. ಆದಿಕವಿಯು ಕಿಷ್ಕಿಂಧಾಕಾಂಡದಲ್ಲಿ ವಾಲಿಯ ದಹನಕ್ಕೆ ಒಣಗಿದ ಕಟ್ಟಿಗೆಯನ್ನೂ ಶ್ರೇಷ್ಠವಾದ ಚಂದನವನ್ನೂ ತರಿಸಿದುದಾಗಿ ಹೇಳಿರುವನು; ಸಗಣಿಯ ಮಾತಿಲ್ಲ. ಚಂದನವೂ ಇತರ ಮರಗಳೂ ಮೂರಿಂಗಾಲದ ಜಾತಿಯವು; ಬಳ್ಳಾರಿ ಸೀಮೆಯ ಹುಲ್ಲು ನಾಲ್ಕಿಂಗಾಲದ ಜಾತಿಯದು. ಆದಕಾರಣ ಯಾವುದೇ ಒಂದು ದಿಬ್ಬದ ಕರಿಯ ಚೂರನ್ನು ತೆಗೆದುಕೊಂಡು ತೂಗಿದರೆ, ಸಾವಿರಕ್ಕೆ 27ರ ಕಡೆಗೆ ವಾಲಿದರೆ ಕಟ್ಟಿಗೆ, 12ರ ಕಡೆಗೆ ವಾಲಿದರೆ ಬಯಲು ಮೇಯ್ದ ದನದ ಸಗಣಿ ಎಂದು ವಿಂಗಡಿಸಬಹುದು. ಝಾಯ್ನರನ ಮರಳುಕಣಗಳಿಗೂ ಉಟ್ನೂರಿನ ಗೊರಸುಗಳಿಗೂ ಸಂಬಂಧವಿಲ್ಲದ ಬೇರೊಂದು ಸಾಕ್ಷಿಯಿದು. ಸಂಬಂಧವಿಲ್ಲದ ಸಾಕ್ಷಿಗಳು ಒಂದೇ ಮಾತನ್ನಾಡಿದಾಗಲೇ ನ್ಯಾಯಾಧೀಶನಿಗೆ ಧೈರ್ಯ. ಸ್ಥಳಪುರಾಣವನ್ನು ಹೀಗೆ ತಕ್ಕಡಿಯಲ್ಲಿಡುವುದು ಕೆಲವರಿಗೆ ಒಪ್ಪಿಗೆಯಾಗಲಾರದು. ವಾಲಿಯ ಕಥೆಯ ಬೆಲೆಯು ಈ ಬೂದಿಯ ಮೇಲೆ ನಿಂತಿಲ್ಲವೆಂದೂ, ಬೂದಿಯ ಬೆಲೆಯು ವಾಲಿಯ ಮೇಲೆ ನಿಂತಿಲ್ಲವೆಂದೂ ನನ್ನ ಅಭಿಪ್ರಾಯ. ಅಲ್ಲದೆ ಆ ಹೆಸರು ಇಲ್ಲದಿದ್ದರೆ ನಿಂಬಾಪುರದ ದಿಬ್ಬವನ್ನು ಇಷ್ಟು ಕಾಲ ಯಾರು ಗುರುತಿಟ್ಟುಕೊಳ್ಳುತ್ತಿದ್ದರು?

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ, ಸುಟ್ಟು ಕರಿಕಾದ ಕಾಳುಗಳನ್ನು ಆಯ್ದು ಪರೀಕ್ಷಿಸಿದವರು ಫುಲ್ಲರ್ ಎಂಬ ಸಸ್ಯಶಾಸ್ತ್ರಜ್ಞರೂ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ, ಅವರ ಸಂಗಡಿಗರೂ. ಆ ಜನರ ಮುಖ್ಯ ಬೆಳೆಗಳು ಕೊರಲೆ, ಅದರ ಬಂಧುವಾದ ಇನ್ನೊಂದು ಕಿರುಧಾನ್ಯ, ಹುರುಳಿ, ಹೆಸರು ಎಂದು ತಿಳಿದುಬಂದಿತು. ಗೋದಿ ಜವೆಗೋದಿಗಳು ಆಮೇಲೆ ಬಂದುವು. ನಮ್ಮ ಬಯಲುಸೀಮೆಯ ಬಡವನ ಗಂಗಾಳದಲ್ಲಿ ನಾಲ್ಕು ಸಾವಿರ ವರ್ಷಗಳಿಂದಲೂ ಹುರುಳಿಯು ತಪ್ಪಿಲ್ಲವೆಂಬುದು ಗಮನಾರ್ಹ. ಆದರೆ ಕೊರಲೆಯೂ ಕಾಡುಹುಲ್ಲೂ ಒಂದೇ ಇಂಗಾಲಜಾತಿಯವು. ದನದ ಹಲ್ಲಿನಲ್ಲಿ ನಾಲ್ಕಿಂಗಾಲದ ಗುರುತು ದೊರೆತರೆ ಅದು ಬಯಲಿನ ಹುಲ್ಲೋ ಹೊಲದ ಕೊರಲೆಯ ಸೊಪ್ಪೆಯೋ ಎಂದು ಇಂಗಾಲವೊಂದರಿಂದಲೇ ಹೇಳಲಾಗದು. ಮಾಂಸವನ್ನು ತಿಂದ ಮನುಷ್ಯನ ಎಲುಬಿನಲ್ಲಿ ಆ ಗೊಂದಲವು ಇಮ್ಮಡಿ. ಆದುದರಿಂದ ಕಾಳನ್ನು ಆಯುವವನು, ಎಲುಬನ್ನು ನೋಡುವವನು, ಇಂಗಾಲವನ್ನು ತೂಗುವವನು, ಮೂವರೂ ಕೂಡಿ ಕುಳಿತರೇ ನಿರ್ಣಯ. ಇಂಗಾಲದ ಯಂತ್ರವೊಂದಿದ್ದರೆ ಸಾಕು, ಅಗೆಯುವ ಗುದ್ದಲಿ ಬೇಡವೆನ್ನುವವರ ಮಾತನ್ನು ನಂಬತಕ್ಕದ್ದಲ್ಲ.

ಇನ್ನು ಕಾಲನಿರ್ಣಯ. ಹದಿನಾಲ್ಕು ತೂಕದ ಇಂಗಾಲವು 5,730 ವರ್ಷಗಳಲ್ಲಿ ಅರ್ಧದಷ್ಟು ಕ್ಷಯಿಸುವುದು. ಸತ್ತ ವಸ್ತುವಿನಲ್ಲಿ ಅದು ಎಷ್ಟು ಉಳಿದಿದೆಯೆಂಬುದರಿಂದ ಸತ್ತ ಕಾಲವನ್ನು ಹೇಳುವ ವಿಧಾನವನ್ನು ಲಿಬ್ಬಿ ಎಂಬಾತನು 1949ರಲ್ಲಿ ಸಿದ್ಧಪಡಿಸಿದನು. 1960ರಲ್ಲಿ ಅದಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದನು. ನಮ್ಮ ದೇಶದಲ್ಲಿ ಮೊದಲು ಮುಂಬಯಿಯ ಟಾಟಾ ಸಂಶೋಧನಾಲಯದಲ್ಲಿಯೂ, ಬಳಿಕ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿಯೂ ಈ ಕೆಲಸವು ನಡೆಯಿತು. ಇದರಿಂದ ಬೂದಿದಿಬ್ಬಗಳ ಕಾಲವು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದಿಂದ ಎರಡನೆಯ ಸಹಸ್ರಮಾನದವರೆಗೆ ಹರಡಿದೆಯೆಂದು ಗೊತ್ತಾಗಿದೆ.

ಸ್ಥಿರವಾದ ಹದಿಮೂರು ಇಲ್ಲಿಯೂ ಬೇಕಾಗುವುದು ಹೇಗೆಂದರೆ, ಭಾರವಾದ ಇಂಗಾಲವನ್ನು ಹೆಚ್ಚಾಗಿ ಒಳಗೊಳ್ಳುವ ಹುಲ್ಲು ಹದಿಮೂರನ್ನು ಹೆಚ್ಚಿಸಿಕೊಂಡಂತೆಯೇ ಹದಿನಾಲ್ಕನ್ನೂ, ಅದರ ಎರಡರಷ್ಟು, ಹೆಚ್ಚಿಸಿಕೊಂಡಿರುತ್ತದೆ. ಅದನ್ನು ಲೆಕ್ಕಕ್ಕೆ ತಾರದಿದ್ದರೆ ಒಂದೇ ದಿನ ಬಿದ್ದ ಮರದ ಕೊಂಬೆಗಿಂತ ಒಂದೇ ದಿನ ಬಿದ್ದ ಸಗಣಿಯು ಸುಮಾರು 200 ವರ್ಷ ಚಿಕ್ಕದೆಂದು ತೋರುವುದು. ಆದುದರಿಂದ ಪ್ರತಿಯೊಂದು ಮಾದರಿಯಲ್ಲಿಯೂ ಹದಿಮೂರನ್ನು ಅಳೆದು ತಿದ್ದುಪಡಿಯನ್ನು ಮಾಡಬೇಕು. ಇನ್ನೂರು ವರ್ಷವೆಂದರೆ ಎಷ್ಟು? 1336ರಲ್ಲಿ ಸ್ಥಾಪಿತವಾದ ವಿಜಯನಗರವು 1565ರಲ್ಲಿ ಹಾಳಾಯಿತು. ಅವೆರಡರ ನಡುವೆ 229 ವರ್ಷ. ತಿದ್ದುಪಡಿಯನ್ನು ಮರೆತ ಗಣಿತದಲ್ಲಿ ಹೆಚ್ಚುಕಡಮೆ ಒಂದು ಸಾಮ್ರಾಜ್ಯವೇ ಕಳೆದುಹೋದೀತು.

ಆಗಿನ ಹವೆಯು ಹೇಗಿತ್ತು? ಇದಕ್ಕೆ ದಕ್ಷಿಣದ ಒಂದು ನಿದರ್ಶನವುಂಟು. ನೀಲಗಿರಿಯ ಜೌಗುಗಳಲ್ಲಿ ಸಹಸ್ರಾರು ವರ್ಷಗಳ ಸಸ್ಯಶೇಷವು ಪದರಪದರವಾಗಿ ಕೊಳೆತು ಕೂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರೂ ಅಹಮದಾಬಾದಿನ ರಮೇಶ್ ಮೊದಲಾದವರೂ ಅದರ ಇಂಗಾಲವನ್ನು ಪದರದಿಂದ ಪದರಕ್ಕೆ ಅಳೆದು 1993ರಲ್ಲಿ ಪ್ರಕಟಿಸಿದರು. ಹಿಮಯುಗವು ತುತ್ತತುದಿಯಲ್ಲಿದ್ದಾಗ ಅಲ್ಲಿ ಒಣಹವೆಯ ಹುಲ್ಲು ಹಬ್ಬಿತ್ತು. ಹಿಮವು ಕರಗತೊಡಗಿದ ಮೇಲೆ ಮಳೆಗಾಲವು ಬಲಿತು ಮತ್ತೊಂದು ಜಾತಿಯ ಸಸ್ಯಗಳು ಮೇಲುಗೈಯಾದುವು. ಬಳಿಕ ಮತ್ತೆ ಒಣಗಿತು. ಇದೇ ಸುಕುಮಾರರು 1987ರಲ್ಲಿಯೇ ದಕ್ಷಿಣದ ಆನೆಗಳ ಎಲುಬನ್ನು ಹೀಗೆ ಪರೀಕ್ಷಿಸಿದ್ದರು. ಆನೆಯು ಹುಲ್ಲನ್ನು ಎಷ್ಟೇ ಮೇಯ್ದರೂ ಅದರ ಎಲುಬನ್ನು ಕಟ್ಟುವುದರಲ್ಲಿ ಮರಗಿಡಗಳ ಸೊಪ್ಪಿನ ಪಾಲೇ ಹೆಚ್ಚೆಂದು ತೋರಿತು. ಹಂಪೆಯ ಗಜಶಾಲೆಯ ಹನ್ನೊಂದು ಗುಮ್ಮಟಗಳ ಕೆಳಗೆ ನಿಂತಾಗಲೆಲ್ಲ ನನಗೆ ಈ ಮಾತು ನೆನಪಾಗುವುದುಂಟು. ರಾಯರ ಆನೆಗಳಿಗೆ ಸೊಪ್ಪನ್ನು ಎಷ್ಟು ಗಾಡಿ ಹೊಡೆಯುತ್ತಿದ್ದರೋ!

ವಿಜಯನಗರದ ಕಾಲಕ್ಕೆ ಬಂದರೆ ಸಾಕ್ಷ್ಯವು ಕೆರೆಯ ಹೂಳಿನಲ್ಲಿದೆ. ಅಮೆರಿಕೆಯ ಕ್ಯಾಥ್ಲೀನ್ ಮಾರಿಸನ್ ಎಂಬ ವಿದುಷಿಯು ಕಮಲಾಪುರದ ಕೆರೆಯ ಕೆಸರನ್ನು ಆಳದಿಂದ ತೆಗೆದು, ಅದರೊಳಗಿನ ಪರಾಗಗಳನ್ನೂ ಇದ್ದಿಲಿನ ಕಣಗಳನ್ನೂ ಎಣಿಸಿ, ಈ ಬಯಲಿನ ವ್ಯವಸಾಯವು ಏರಿಳಿದ ಬಗೆಯನ್ನು ಬರೆದಿರುವರು. ಇದ್ದಿಲೆಂದರೆ ಮತ್ತೆ ಇಂಗಾಲವೇ. ಕಮಲಾಪುರಕ್ಕೆ ಇದ್ದಿಲಿನ ನಂಟು ಇನ್ನೊಂದು ಬಗೆಯಲ್ಲಿಯೂ ಇತ್ತು. ಕಬ್ಬಿನ ಹಾಲನ್ನು ಕಾಯಿಸುವ ಅಗಲವಾದ ಕಬ್ಬಿಣದ ಕೊಪ್ಪರಿಗೆಗಳನ್ನು ಅಲ್ಲಿ ಮಾಡುತ್ತಿದ್ದರೆಂದೂ, ಅದಕ್ಕೆ ಬೇಕಾದ ಕಬ್ಬಿಣವು ಹಿಂದೆ ಹೊಸಪೇಟೆಯ ಜಂಬುನಾಥನ ಗುಡ್ಡದ ಅದಿರಿನಿಂದ ಬರುತ್ತಿದ್ದಿತೆಂದೂ, ಇಂಗ್ಲಿಷ್ ಕಬ್ಬಿಣವು ಬಂದ ಮೇಲೆ ಆ ಕಸುಬು ಅಳಿಯಿತೆಂದೂ ಹಳೆಯ ಬಳ್ಳಾರಿ ಗ್ಯಾಸೆಟಿಯರಿನಲ್ಲಿದೆ. ಅದಿರಿನಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಬಿಗಿದುಕೊಂಡಿರುತ್ತದೆ. ಕುಲುಮೆಯ ಇದ್ದಿಲು ಆ ಆಮ್ಲಜನಕವನ್ನು ಸೆಳೆದುಕೊಂಡು ಅನಿಲವಾಗಿ ಹೋಗುವುದು, ಕಬ್ಬಿಣವು ಬಿಡುಗಡೆಯಾಗುವುದು. ಇದ್ದಿಲಿನ ಸ್ವಲ್ಪಾಂಶವು ಲೋಹದೊಳಗೆ ಉಳಿಯುವುದು. ಹದವಾಗಿ ಉಳಿದರೆ ಅದೇ ಉಕ್ಕು. ಆ ಇಂಗಾಲವನ್ನು ಹೊರತೆಗೆದು, ಮರವನ್ನು ಕಡಿದ ಕಾಲವನ್ನು, ತನ್ಮೂಲಕ ಕಬ್ಬಿಣವನ್ನು ಕಾಯಿಸಿದ ಕಾಲವನ್ನು, ನಿರ್ಣಯಿಸಬಹುದೆಂದು ಮೇಲೆ ಹೇಳಿದ ವಾನ್ ಡರ್ ಮೆರ್ವನೇ 1969ರಲ್ಲಿ ಒಂದು ಗ್ರಂಥವನ್ನು ಬರೆದಿರುವನು. ಸಂಡೂರಿನ ಬೆಟ್ಟಗಳಾದರೋ ಇನ್ನೂ ಹಳೆಯ ಪುಸ್ತಕ. 250 ಕೋಟಿ ವರ್ಷಕ್ಕೂ ಹಿಂದಿನ ಆ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಸುಣ್ಣದ ಪದರಗಳು ಕಂಡುಬಂದಿವೆ. ಜೀವವಿದ್ದುದಕ್ಕೆ ಅಂಥ ಶಿಲೆಗಳಲ್ಲಿ ವಿಜ್ಞಾನಿಗಳು ಹುಡುಕುವ ಗುರುತುಗಳಲ್ಲಿ ಇಂಗಾಲದ ಪ್ರಮಾಣವೂ ಒಂದು. ಅದು ಚರಿತ್ರಕಾರನ ಕೈಗೆ ಮೀರಿದ ಕಾಲ.

ಪೋರ್ತುಗೀಸನಾದ ಪಾಯಸನು ಸುಮಾರು 1520ರಲ್ಲಿ ಇಲ್ಲಿಗೆ ಬಂದಾಗ ಅಕ್ಕಿಯನ್ನೂ ಜೋಳವನ್ನೂ ಕಾಳುಗಳನ್ನೂ ಹೇರಳವಾಗಿ ಕಂಡನು. ಕಾಳನ್ನು ಮನುಷ್ಯರಲ್ಲದೆ ಕುದುರೆಗಳೂ ತಿನ್ನುವುವೆಂದು ಬರೆದನು. ರಾಯ ಕಾಲುವೆ, ಬಸವಣ್ಣ ಕಾಲುವೆ, ತುರುತ್ತು ಕಾಲುವೆಗಳ ನೀರು ಹರಿದಲ್ಲಿ ಬತ್ತ, ಬಾಳೆ, ಕಬ್ಬು. ಹರಿಯದಲ್ಲಿ ಜೋಳ, ಸಜ್ಜೆ, ನವಣೆ. ನೀರಿನ ರೇಖೆಯೇ ಇಂಗಾಲದ ರೇಖೆ. ಅರಮನೆಯವನು ಅಕ್ಕಿಯನ್ನುಂಡು, ಒಣಭೂಮಿಯ ಒಕ್ಕಲಿಗನು ರೊಟ್ಟಿಯನ್ನುಂಡು ಬೆಳೆದಿದ್ದರೆ ಅವರಿಬ್ಬರ ಎಲುಬುಗಳಲ್ಲಿ ಆ ಭೇದವು ಉಳಿಯತಕ್ಕದ್ದೇ. ಕಾವ್ಯದಲ್ಲಿಯೂ ಶಾಸನದಲ್ಲಿಯೂ ಒಕ್ಕಲಿಗನ ಊಟದ ಪ್ರಸ್ತಾಪವು ಅಪರೂಪ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದ ಮೇಲೆ ಈ ರೇಖೆಯು ಬಹುದೂರ ಸರಿಯಿತು. ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಜೋಳದ ನೆಲದಲ್ಲಿ ಬತ್ತವು ಹಬ್ಬಿತು. ಒಂದೇ ಮನೆಯಲ್ಲಿ ಅಜ್ಜನ ಹಲ್ಲಿಗೂ ಮೊಮ್ಮಗನ ಹಲ್ಲಿಗೂ ಇಂಗಾಲದ ಭೇದವು ಕಾಣುವಂತಾಗಿದೆ. ಮುಂದಿನ ಚರಿತ್ರಕಾರನಿಗೆ ಇದೊಂದು ಶಾಸನವಾದೀತು.

ಗಾಳಿಯ ಗುರುತೇ ಬದಲಾಗುತ್ತಿದೆಯೆಂಬುದು ಇನ್ನೂ ದೊಡ್ಡ ಸಂಗತಿ. ಕಲ್ಲಿದ್ದಲು ಪುರಾತನ ಸಸ್ಯಗಳ ಶೇಷ; ನಮ್ಮ ದೇಶದ ಕಲ್ಲಿದ್ದಲಿಗೆ ಇಪ್ಪತ್ತೈದು ಕೋಟಿ ವರ್ಷಕ್ಕೂ ಮೇಲ್ಪಟ್ಟ ವಯಸ್ಸು. ಆಗ ನಾಲ್ಕಿಂಗಾಲದ ಸಸ್ಯಗಳು ಹುಟ್ಟಿಯೇ ಇರಲಿಲ್ಲವಾದುದರಿಂದ ಅದರಲ್ಲಿ ಹದಿಮೂರು ಕಡಮೆ. ಹದಿನಾಲ್ಕಂತೂ ಕ್ಷಯಿಸಿ ಶೂನ್ಯ. ಅದನ್ನು ಸುಟ್ಟ ಹೊಗೆಯು ಗಾಳಿಯಲ್ಲಿ ಕೂಡಿದರೆ ಗಾಳಿಯ ಹದಿಮೂರೂ ಹದಿನಾಲ್ಕೂ ತೆಳುವಾಗಬೇಕು. ಹೀಗೆ ತೆಳುವಾದುದನ್ನು ಹಾನ್ಸ್ ಸ್ಯೂಸ್ ಎಂಬಾತನು 1955ರಲ್ಲಿ ಮರಗಳ ಉಂಗುರಗಳಿಂದ ತೋರಿಸಿದನು. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಅನಿಲವು ಈಗ 420ನ್ನು ದಾಟಿದೆ. ಅದರ ಗುರುತು ಸಾವಿರಕ್ಕೆ ಸುಮಾರು 6.5 ಕಡಮೆಯಿದ್ದುದು 8.5ರ ಸಮೀಪಕ್ಕೆ ಇಳಿದಿದೆ. ಹೆಚ್ಚಿದ ಅನಿಲವು ಸಮುದ್ರದಿಂದಲೋ ಜ್ವಾಲಾಮುಖಿಯಿಂದಲೋ ಬಂದಿರಬಾರದೇಕೆ ಎನ್ನುವವರಿಗೆ ಈ ಇಳಿತವೇ ಉತ್ತರ. ಅವುಗಳಿಂದ ಬಂದಿದ್ದರೆ ಗುರುತು ಹೀಗೆ ಇಳಿಯುತ್ತಿರಲಿಲ್ಲ.

ಕುಡತಿನಿಯಲ್ಲಿ ಈಗ ಕಲ್ಲಿದ್ದಲಿನಿಂದ ವಿದ್ಯುತ್ತನ್ನು ಉತ್ಪಾದಿಸುವ ದೊಡ್ಡ ಕೇಂದ್ರವಿದೆ. ಅದರ ಮೊದಲನೆಯ ಘಟಕವು 500 ಮೆಗಾವ್ಯಾಟಿನದು, 2007ರಲ್ಲಿ ಆರಂಭವಾಯಿತು. ಮೂರನೆಯದು 700 ಮೆಗಾವ್ಯಾಟಿನದು, 2016ರಲ್ಲಿ. ಸಮೀಪದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯೂ ಕಲ್ಲಿದ್ದಲನ್ನೇ ನೆಚ್ಚಿದೆ. ನಾಲ್ಕು ಸಾವಿರ ವರ್ಷದ ಸಗಣಿಯ ಬೂದಿ ಒಂದು ಕಡೆ, ಕೋಟ್ಯಂತರ ವರ್ಷದ ಕಾಡಿನ ಬೂದಿ ಒಂದು ಕಡೆ. ಎರಡೂ ಒಂದೇ ಊರಿನ ಎಲ್ಲೆಯ ಆಸುಪಾಸಿನಲ್ಲಿ. ಮೊದಲನೆಯ ಬೂದಿಯ ಹೊಗೆಯು ಮರುವರ್ಷದ ಹುಲ್ಲಿನಲ್ಲಿ ಹಿಂದಿರುಗಿ ಸೇರುತ್ತಿದ್ದಿತು. ಎರಡನೆಯದಕ್ಕೆ ಅಷ್ಟು ಬೇಗ ಹಿಂದಿರುಗುವ ದಾರಿಯಿಲ್ಲ.

ಕಾರ್ಖಾನೆಯ ಬೂದಿಯನ್ನು ಸಿಮೆಂಟಿಗೂ ಇಟ್ಟಿಗೆಗೂ ಒಯ್ಯುವರು, ಅದು ಒಳ್ಳೆಯದೇ. ಹಳೆಯ ದಿಬ್ಬಗಳ ಬೂದಿಯನ್ನು ಗೊಬ್ಬರಕ್ಕೆಂದು ಹೊಲಗಳಿಗೆ ಒಯ್ದಿರುವುದು ಹಾಗಲ್ಲ. ಹಲವು ದಿಬ್ಬಗಳು ಈ ರೀತಿಯಲ್ಲಿ ಅರ್ಧಕ್ಕರ್ಧ ಕರಗಿಹೋಗಿವೆ. ಸಂಗನಕಲ್ಲು ಕಪ್ಪಗಲ್ಲುಗಳಲ್ಲಿ ಕಲ್ಲುಗಣಿಗಳೂ ಸೇರಿಕೊಂಡುವು. ಒಕ್ಕಲಿಗನನ್ನು ಹಳಿಯಲಾಗದು, ಅವನಿಗೆ ಅದು ಪುಕ್ಕಟೆಯ ಸಾರ, ಅದರ ಬೆಲೆಯನ್ನು ತಿಳಿಸಬೇಕಾದವರು ತಿಳಿಸಲಿಲ್ಲ. ಬಳ್ಳಾರಿಯಲ್ಲಿ ಈಗ ಬ್ರೂಸ್ ಫೂಟನ ಹೆಸರಿನ ವಸ್ತುಸಂಗ್ರಹಾಲಯವೊಂದು ಇದೆ. ಶಾಲೆಯ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ಉಪಾಧ್ಯಾಯರು ಅಲ್ಲಿಗೂ ಕರೆದೊಯ್ಯುವುದುಚಿತ. ಗಾಡಿಗೆ ತುಂಬಿದ ಬೂದಿಯಲ್ಲಿ ಇಂಗಾಲವೇನೋ ಅದೇ ಇರುತ್ತದೆ, ಆದರೆ ಯಾವ ಪದರವು ಯಾವುದರ ಮೇಲಿತ್ತೆಂಬುದು ಹೋಗಿರುತ್ತದೆ. ಪತ್ರಗಳು ಕಲೆಸಿಹೋದ ತಾಳೆಯೋಲೆಯ ಕಟ್ಟಿನಂತೆ ಅಕ್ಷರವಿದ್ದೂ ಗ್ರಂಥವಿಲ್ಲ. ಪರೀಕ್ಷೆಗೆ ಬೇಕಾದುದಾದರೋ ಗಾಡಿಯಲ್ಲ, ಬುಟ್ಟಿಯೂ ಅಲ್ಲ. ಈಗಿನ ಯಂತ್ರಗಳಿಗೆ ಕೆಲವು ಮಿಲಿಗ್ರಾಮು, ಒಂದು ಹುರುಳಿಕಾಳಿನಷ್ಟು ಕರಿಯ ಚೂರು, ಸಾಕು. ನಿಂಬಾಪುರದ ದಿಬ್ಬದಿಂದ ಪದರವನ್ನು ಗುರುತಿಟ್ಟು ಅಷ್ಟನ್ನು ತೆಗೆದುಕೊಂಡರೆ ವಾಲಿಯ ಬೂದಿಯು ಕಡಮೆಯಾಯಿತೆಂದು ಯಾರೂ ದೂರಲಾರರು.